ಸೀಮೆಎಣ್ಣೆ ಸ್ನಾನ

ಪಂಪ್‌ಹೌಸಿನಲ್ಲಿ ಭಾನುವಾರ ಬೆಳಿಗ್ಗೆ ಸೇರುವ ಗುಂಪಿಗೆ ಅಧ್ಯಕ್ಷರಿರಲಿಲ್ಲ, ಬೋರ್ಡಿರಲಿಲ್ಲ, ಹೆಸರೂ ಇರಲಿಲ್ಲ. ಇದ್ದದ್ದು ಒಂದೇ ನಿಯಮ. ಯಾರು ಎಂಥ ಹಳೆಯ ಸಾಮಾನು ಹೊತ್ತು ತಂದರೂ ಮೊದಲು ಅದಕ್ಕೆ ಸೀಮೆಎಣ್ಣೆಯಲ್ಲಿ ಸ್ನಾನ. ಸ್ನಾನ ಮುಗಿಯುವ ತನಕ ಅದೇನು, ಎಲ್ಲಿಯದು, ಯಾವ ಕಾಲದ್ದು ಎಂದು ಯಾರೂ ಬಾಯಿ ಬಿಡಬಾರದು.

ನಿಯಮ ಸುಮ್ಮನೆ ಹುಟ್ಟಿದ್ದಲ್ಲ. ಹಿಂದೊಮ್ಮೆ ಗುಜರಿಯಿಂದ ತಂದ ತುಕ್ಕಿನ ಮುದ್ದೆಯೊಂದರ ಸುತ್ತ ಕೂತು ಇವರೆಲ್ಲ ವಾರಗಟ್ಟಲೆ ಕಿತ್ತಾಡಿದ್ದರು. ಹಡಗಿನ ಇಂಜಿನ್ನಿನ ವೇಗವನ್ನು ಹತೋಟಿಯಲ್ಲಿಡುವ ಭಾಗ ಇದು ಎಂದು ಮೇಷ್ಟ್ರು, ರೈಲಿನ ಬ್ರೇಕಿನದು ಎಂದು ಡ್ರೈವರಜ್ಜ. ಇಬ್ಬರೂ ಮಾತು ಬಿಡುವ ಹಂತಕ್ಕೆ ಬಂದಾಗ ವಾಚಣ್ಣ ಎದ್ದು ಆ ಮುದ್ದೆಯನ್ನು ಸೀಮೆಎಣ್ಣೆ ಬಕೆಟ್ಟಿನಲ್ಲಿ ಮುಳುಗಿಸಿಟ್ಟ. ಮುಂದಿನ ವಾರ ಉಜ್ಜಿ ನೋಡಿದರೆ ಅದರ ಹೊಟ್ಟೆಯ ಮೇಲೆ ದಪ್ಪ ಅಕ್ಷರಗಳಲ್ಲಿ ಬೇಕರಿಯ ಹಿಟ್ಟು ನಾದುವ ಯಂತ್ರ ಎಂದು ಎರಕ ಹುಯ್ದಿತ್ತು. ಮೇಷ್ಟ್ರು ಮತ್ತು ಡ್ರೈವರಜ್ಜ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅಂದಿನಿಂದ ಮೊದಲು ಸ್ನಾನ ಎಂಬುದು ಕಾನೂನಾಯಿತು. ಸ್ನಾನ ಮಾಡಿಸುವ ಯಜಮಾನಿಕೆ ವಾಚಣ್ಣನ ಪಾಲಿಗೆ ಬಂತು.

ಆ ಕೆಲಸಕ್ಕೆ ಅವನನ್ನು ಬಿಟ್ಟರೆ ಇನ್ನೊಬ್ಬರಿರಲಿಲ್ಲ. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಬೀರುವಿನಷ್ಟೇ ಅಗಲದ ಅಂಗಡಿಯಲ್ಲಿ ಕೂತು ಜನರ ಗಡಿಯಾರ ಬಿಚ್ಚಿ, ತೊಳೆದು, ಕೂಡಿಸಿ ಕೊಡುವುದೇ ಅವನ ಬದುಕು. ಗಿರಾಕಿಗಳು ಕರೆದು ಕರೆದು ನಿಜವಾದ ಹೆಸರು ಹಿಂದೆ ಸರಿದು ವಾಚಣ್ಣ ಎಂಬುದೇ ನಿಂತಿತ್ತು. ಅವನ ಕೈಗೆ ಕೊಳೆ ಕಂಡರೆ ಸುಮ್ಮನಿರಲಾಗುತ್ತಿರಲಿಲ್ಲ. ಬೇರೆಯವರ ಮನೆಗೆ ಹೋದರೂ ಬಾಗಿಲ ಚಿಲಕಕ್ಕೆ ಹಿಡಿದ ಜಿಡ್ಡನ್ನು ಕರ್ಚೀಫಿನಿಂದ ಒರೆಸಿಯೇ ಒಳಗೆ ಕಾಲಿಡುವ ಆಸಾಮಿ.

ಪಂಪ್‌ಹೌಸು ಒಂದು ಕಾಲಕ್ಕೆ ಇಡೀ ಊರಿಗೆ ನೀರೆತ್ತುತ್ತಿದ್ದ ಜಾಗ. ಈಗ ವಿದ್ಯುತ್ ಪಂಪುಗಳು ಬೇರೆ ಕಡೆ ಇವೆ. ಇಲ್ಲಿ ಎತ್ತರದ ಕಿಟಕಿಗಳ ಕೆಳಗೆ ಆನೆ ಗಾತ್ರದ ಹಳೆಯ ಉಗಿಯಂತ್ರವೊಂದು ತಣ್ಣಗೆ ಕೂತಿದೆ. ಅದನ್ನು ಒರೆಸಿಕೊಂಡಿರುತ್ತೇವೆ ಎಂಬ ಮಾತಿನ ಮೇಲೆ ನೀರಿನ ಇಲಾಖೆಯವರು ಬೀಗದ ಕೈ ಕೊಟ್ಟಿದ್ದರು. ಮಕ್ಕಳಿಗೆ ವಿಜ್ಞಾನ ಕಲಿಸಿ ನಿವೃತ್ತರಾದ ಮೇಷ್ಟ್ರು, ಪ್ರಾಯದಲ್ಲಿ ಕಲ್ಲಿದ್ದಲಿನ ರೈಲು ಓಡಿಸಿ ಒಂದು ಕಿವಿ ಕಳೆದುಕೊಂಡ ಡ್ರೈವರಜ್ಜ, ವಾರವಿಡೀ ಜನರ ಬಾಯಿಯೊಳಗೆ ಇಣುಕಿ ಬೇಸತ್ತ ಹಲ್ಲಿನ ಡಾಕ್ಟರಮ್ಮ, ಮತ್ತು ವಾಚಣ್ಣ. ಕಾಯಂ ಬರುವವರು ಇಷ್ಟೇ ಜನ. ಬಾಯಿ ತೆಗೆದು ಕೂಗಿಕೊಳ್ಳದ ಪೇಷಂಟ್ ಅಂದರೆ ಈ ಉಗಿಯಂತ್ರ ಒಂದೇ ಎಂದು ಡಾಕ್ಟರಮ್ಮ ಹೇಳುವುದಿತ್ತು.

ಹೀಗೆ ಇರುವಾಗ ವಾಚಣ್ಣನ ಭಾವ ತೀರಿಕೊಂಡರು.

ವಾಚಣ್ಣನಿಗೆ ಒಬ್ಬಳೇ ಅಕ್ಕ. ತಾಯಿ ಬೇಗ ಹೋದ್ದರಿಂದ ಅವನನ್ನು ಎತ್ತಿ ಆಡಿಸಿ ಬೆಳೆಸಿದ್ದು ಅವಳೇ. ಮನೆಯಲ್ಲೇ ಕೂತು ಅಕ್ಕಪಕ್ಕದವರ ಬಟ್ಟೆ ಇಸ್ತ್ರಿ ಮಾಡಿಕೊಡುತ್ತಿದ್ದಳು. ಅವಳ ಗಂಡ ದೊಡ್ಡ ಸ್ಟೀಮ್ ಲಾಂಡ್ರಿಯಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಿದ್ದರು. ಆಸ್ಪತ್ರೆಯ ಚಾದರ, ಹೋಟೆಲಿನ ಟವಲು ಬೇಯುವ ಆ ಜಾಗದಲ್ಲಿ ದಿನವಿಡೀ ನಿಂತು ಬರುವ ಮನುಷ್ಯ. ಮಾತು ಬಹಳ ಕಮ್ಮಿ. ಮನೆಗೆ ಬಂದರೆ ಊಟ, ಊಟವಾದರೆ ಹಿತ್ತಲಿನ ತಗಡಿನ ಶೆಡ್ಡು. ಅಲ್ಲಿಂದ ಅರ ಉಜ್ಜುವ ಸದ್ದು, ಸುತ್ತಿಗೆಯ ಸದ್ದು, ಒಮ್ಮೊಮ್ಮೆ ಏನೂ ಸದ್ದಿಲ್ಲ. ಏನು ಮಾಡ್ತಿದ್ದೀರಿ ಎಂದು ಅಕ್ಕ ಕೇಳಿದರೆ, ಆಗಲಿ, ಹೇಳ್ತೀನಿ ಎನ್ನುವುದು. ಆಗಲೂ ಇಲ್ಲ, ಹೇಳಲೂ ಇಲ್ಲ. ಒಂದು ದಿನ ಅಂಗಡಿಗೆಂದು ಹೊರಟವರು ದಾರಿಯಲ್ಲೇ ಕುಸಿದರು.

ಶೆಡ್ಡಿನಲ್ಲಿ ಉಳಿದದ್ದು ಒಂದು ಯಂತ್ರ. ಹೊಲಿಗೆ ಯಂತ್ರದ ಮೇಜಿನಷ್ಟು ದೊಡ್ಡದು. ಒಂದು ದಪ್ಪ, ಒಂದು ಸಣ್ಣ ಹಿತ್ತಾಳೆಯ ಸಿಲಿಂಡರು. ಊಟದ ತಟ್ಟೆಯಷ್ಟು ಅಗಲದ ಭಾರದ ಗಾಲಿ. ಸುರುಳಿ ಸುತ್ತಿದ ತಾಮ್ರದ ಕೊಳವೆ. ಉದ್ದಕ್ಕೆ ಮೂರು ತೂತುಗಳಿದ್ದ ಒಂದು ಸನ್ನೆಕೋಲು. ಜರಡಿಯಂತೆ ಚುಚ್ಚಿದ ಹಿತ್ತಾಳೆ ಬಿಲ್ಲೆ. ಎಲ್ಲದರ ಮೇಲೂ ಕರೀ ಜಿಡ್ಡು, ಮಸಿ, ಅಂಟಿಕೊಂಡ ಧೂಳು. ಎಲ್ಲಿಂದ ಏನು ಒಳಗೆ ಹೋಗಿ ಎಲ್ಲಿಂದ ಏನು ಹೊರಗೆ ಬರಬೇಕು ಎಂಬುದು ನೋಡಿದ ತಕ್ಷಣ ತಲೆಗೆ ಹತ್ತುವಂತಿರಲಿಲ್ಲ.

ಅಕ್ಕನ ಮಗಳು ಗಂಡ ಮಕ್ಕಳ ಸಮೇತ ತಾಯಿಯ ಮನೆಗೇ ಬಂದಿರಲು ತೀರ್ಮಾನಿಸಿದ್ದಳು. ಶೆಡ್ಡನ್ನು ಮಕ್ಕಳ ಕೋಣೆ ಮಾಡಬೇಕಿತ್ತು. ಗುಜರಿಯವನು ಎರಡು ಸಲ ಬಂದು ಹೋದ. ಅಕ್ಕ ಅವನನ್ನು ಬಾಗಿಲಲ್ಲೇ ಕಳಿಸಿ, ತಮ್ಮನಿಗೆ ಹೇಳಿಕಳಿಸಿದಳು. ಯಂತ್ರದ ಮುಂದೆ ಅವನನ್ನು ನಿಲ್ಲಿಸಿಕೊಂಡು ಸೆರಗಿನಿಂದ ಕೈ ಒರೆಸುತ್ತ ಕೇಳಿದಳು.

"ನೋಡೋ, ನಾನು ಕೇಳೋದು ಒಂದೇ. ಇಷ್ಟು ವರ್ಷ ಊಟ ಮಾಡಿ ಕೈ ತೊಳೆದ ಕೂಡ್ಲೇ ಎದ್ದು ಇಲ್ಲಿಗೆ ಬರ್ತಿದ್ರಲ್ಲ, ಏನೋ ಮಾಡೋಕೆ ಬರ್ತಿದ್ರಾ, ಇಲ್ಲ ನನ್ನ ಮುಖ ನೋಡೋಕಾಗದೆ ಇಲ್ಲಿ ಬಂದು ಕೂತ್ಕೋತಿದ್ರಾ?"

"ಏನಕ್ಕಾ ನೀನು, ಹಾಗೆಲ್ಲ ಯಾಕೆ ಯೋಚನೆ ಮಾಡ್ತೀಯ."

"ಮಾಡ್ದೆ ಏನು ಮಾಡ್ಲಿ? ಜೊತೇಲಿ ಬಾಳಿದೋಳು ನಾನು. ಇದು ಕೆಲಸಕ್ಕೆ ಬರೋ ಯಂತ್ರ ಆಗಿದ್ರೆ, ಸರಿ, ಅವರಿಗೆ ಅದರ ಹುಚ್ಚು, ನನ್ನ ಮೇಲೆ ಬೇಜಾರಿರ್ಲಿಲ್ಲ ಅನ್ಕೋತೀನಿ. ಸುಮ್ನೆ ಕಬ್ಬಿಣ ಉಜ್ತಾ ಹೊತ್ತು ಕಳೀತಿದ್ರು ಅಂದ್ರೆ..." ಅಕ್ಕ ಮಾತನ್ನು ಅಲ್ಲಿಗೇ ಬಿಟ್ಟಳು. "ನಿಮ್ಮ ಗುಂಪಲ್ಲಿ ತಿಳಿದೋರಿದ್ದಾರಲ್ಲ. ಕೇಳಿ ಹೇಳು."

ಅಕ್ಕ ಯಾವತ್ತೂ ಅವನ ಹತ್ತಿರ ಏನನ್ನೂ ಕೇಳಿದವಳಲ್ಲ. ವಾಚಣ್ಣನ ಎದೆ ಉಬ್ಬಿತು. ನಮ್ಮೋರು ಒಂದೇ ಭಾನುವಾರದಲ್ಲಿ ಬಿಡಿಸಿ ಹೇಳ್ತಾರೆ, ನೀನು ನಿಶ್ಚಿಂತೆಯಾಗಿರು ಎಂದು ಮಾತು ಕೊಟ್ಟ. ಸಣ್ಣ ಟೆಂಪೋ ಕರೆಸಿ ಯಂತ್ರವನ್ನು ಹಾಗೆಯೇ ಎತ್ತಿಸಿಕೊಂಡು ಪಂಪ್‌ಹೌಸಿಗೆ ತಂದ. ದಾರಿಯುದ್ದಕ್ಕೂ ಅದರ ಮೈಮೇಲಿನ ಕೊಳೆ ನೋಡಿ ಅವನ ಕೈ ತುರಿಸುತ್ತಿತ್ತು. ಸ್ನಾನಕ್ಕೆ ಹೇಳಿ ಮಾಡಿಸಿದಂತಿತ್ತು ಅದು.

ಆ ಭಾನುವಾರ ಗುಂಪಿನವರಿಗೆ ಹಬ್ಬವೇ. ಗುಜರಿಯ ಬಿಡಿ ಚೂರುಗಳನ್ನು ನೋಡಿ ಸಾಕಾಗಿದ್ದವರ ಎದುರಿಗೆ ಇಡೀ ಯಂತ್ರವೊಂದು, ಅದೂ ಜಗತ್ತಿನಲ್ಲಿ ಇನ್ನೊಂದಿಲ್ಲದ್ದು, ತಾನಾಗಿ ಬಂದು ಕೂತಿತ್ತು. ಮೇಷ್ಟ್ರು ಅದರ ಸುತ್ತ ಮೂರು ಸಲ ಪ್ರದಕ್ಷಿಣೆ ಬಂದು ಬಾಯಿ ತೆಗೆಯಹೋದರು. ಡ್ರೈವರಜ್ಜ ತುಟಿಯ ಮೇಲೆ ಬೆರಳಿಟ್ಟು ನಿಯಮ ನೆನಪಿಸಿದ. ಒಂದು ಫೋಟೋ ತೆಗೆದುಕೊಂಡುಬಿಡೋಣ ಎಂದರು ಡಾಕ್ಟರಮ್ಮ. ಎಲ್ಲರೂ ಯಂತ್ರದ ಮುಂದೆ ಸಾಲಾಗಿ ನಿಂತು, ಬಾಗಿಲ ಬಳಿಯಿದ್ದ ಕಾವಲುಗಾರನ ಕೈಗೆ ಮೊಬೈಲು ಕೊಟ್ಟು, ಹಲ್ಲು ಕಿರಿದು ಫೋಟೋ ತೆಗೆಸಿಕೊಂಡರು. ಆಮೇಲೆ ವಾಚಣ್ಣ ತೋಳು ಮಡಿಸಿದ.

ಬಿಚ್ಚುವಾಗ ಅವನು ಯಾವುದಕ್ಕೂ ಗುರುತು ಹಾಕಲಿಲ್ಲ. ಹಾಕುವ ಅಭ್ಯಾಸವೇ ಅವನಿಗಿರಲಿಲ್ಲ. ಗಡಿಯಾರದಲ್ಲಿ ಪ್ರತಿ ಹಲ್ಲಿಗೂ ಅದರದೇ ಜೋಡಿ, ಪ್ರತಿ ತಿರುಪಿಗೂ ಅದರದೇ ತೂತು. ರಾಶಿ ಹಾಕಿ ಕಲಸಿಟ್ಟರೂ ಕೂರುವ ಕಡೆ ಮಾತ್ರ ಕೂರುತ್ತದೆ, ಬೇರೆ ಕಡೆ ಬಿಲ್‌ಕುಲ್ ಒಪ್ಪುವುದಿಲ್ಲ. ಭಾಗಗಳೇ ತಮ್ಮ ಜಾಗ ಹೇಳಿಕೊಳ್ಳುತ್ತವೆ ಎಂಬುದು ಅವನ ಕಸುಬು ಅವನಿಗೆ ಕಲಿಸಿದ ನಂಬಿಕೆ. ಅದು ಅಂದಿನವರೆಗೆ ಒಮ್ಮೆಯೂ ಸುಳ್ಳಾಗಿರಲಿಲ್ಲ.

ಒಂದೊಂದನ್ನೇ ಬಕೆಟ್ಟಿಗೆ ಹಾಕಿದ. ಬ್ರಷ್ಷಿನಿಂದ ತಿಕ್ಕಿದ. ಜರಡಿ ಬಿಲ್ಲೆಯ ತೂತುಗಳಲ್ಲಿ ಬೂದು ಬಣ್ಣದ ನಾರಿನಂಥದೇನೋ ಕಟ್ಟಿಕೊಂಡಿತ್ತು, ಅದನ್ನು ಸೂಜಿಯಿಂದ ಕುತ್ತಿ ತೆಗೆದ. ಕೊಳವೆಯ ಒಂದು ಬಾಯಿಯಲ್ಲಿ ಬಿಳೀ ಚಕ್ಕೆ, ಇನ್ನೊಂದರಲ್ಲಿ ಕಪ್ಪು. ತಂತಿ ತೂರಿಸಿ ಎರಡನ್ನೂ ಫಳಫಳ ಮಾಡಿದ. ಸನ್ನೆಕೋಲಿನ ತೂತುಗಳು ಸವೆದು ಒರಟಾಗಿದ್ದವು. ಎಮರಿ ಕಾಗದ ಸುರುಳಿ ಮಾಡಿ ಮೂರನ್ನೂ ಗುಂಡಗೆ, ನುಣ್ಣಗೆ ಉಜ್ಜಿದ. ಮುಂದಿನ ಭಾನುವಾರವೂ ಅದೇ ಕೆಲಸ. ಕಡೆಗೆ ಪಾಲಿಶ್ ಹಚ್ಚಿ ಬಿಳೀ ಬಟ್ಟೆಯ ಮೇಲೆ ಹರಡಿದಾಗ ಎತ್ತರದ ಕಿಟಕಿಯ ಬಿಸಿಲು ಬಿದ್ದು ಒಡವೆ ಅಂಗಡಿಯಂತೆ ಮಿಂಚಿತು. ಡ್ರೈವರಜ್ಜ ಚಪ್ಪಾಳೆ ತಟ್ಟಿದ. ಬಕೆಟ್ಟಿನ ಕೆಳಗೆ ಕೂತ ಕರೀ ರಾಡಿಯನ್ನು ವಾಚಣ್ಣ ಪಂಪ್‌ಹೌಸಿನ ಹಿಂದಿನ ಚರಂಡಿಗೆ ಸುರಿದು ಬಂದ.

ಈಗ ಮಾತಾಡಬಹುದಿತ್ತು. ಮಾತಾಡಿದರು ಕೂಡ. ಆದರೆ ಕೂಡಿಸಲು ಕೂತಾಗ ಬೆಪ್ಪಾದರು. ಭಾವನ ಹತ್ತಿರ ಇದ್ದದ್ದು ಬೋಲ್ಟಿಗೂ ತೂತಿಗೂ ತಿರುಪಿನ ಸುತ್ತು ಕೊರೆಯುವ ಒಂದೇ ಅಳತೆಯ ಸಾಧನ. ಹಾಗಾಗಿ ಯಂತ್ರದ ಎಲ್ಲ ತೂತುಗಳೂ ಒಂದೇ ಅಳತೆ, ಎಲ್ಲ ಬೋಲ್ಟುಗಳೂ ಒಂದೇ ದಪ್ಪ. ಯಾವುದನ್ನು ಎಲ್ಲಿಟ್ಟರೂ ಕೂರುತ್ತಿತ್ತು. ಸಣ್ಣ ಸಿಲಿಂಡರು ದಪ್ಪದರ ಪಕ್ಕಕ್ಕೂ ಸರಿ, ತಲೆಯ ಮೇಲೂ ಸರಿ. ಕೊಳವೆ ಹೀಗಾದರೂ ಆಯಿತು, ಹಾಗಾದರೂ ಆಯಿತು. ವಾಚಣ್ಣ ಒಂದು ಬೋಲ್ಟನ್ನು ಕೈಯಲ್ಲಿ ಹಿಡಿದು ಅದು ಯಾವ ತೂತನ್ನೂ ಬೇಡವೆನ್ನದೆ ಒಳಗಿಳಿಯುವುದನ್ನು ನೋಡುತ್ತ ಕೂತ.

ಆಗ ಡಾಕ್ಟರಮ್ಮ ಕೇಳಿದರು. ಕೆಟ್ಟ ಮನಸ್ಸಿನಿಂದಲ್ಲ, ದಾರಿ ಸಿಕ್ಕಿತು ಎಂಬ ಖುಷಿಯಲ್ಲೇ ಕೇಳಿದರು.

"ವಾಚಣ್ಣ, ಈ ಮೂರು ತೂತಲ್ಲಿ ಯಾವುದು ಜಾಸ್ತಿ ಸವೆದಿತ್ತು? ಹಲ್ಲು ಸವೆದಿರೋದು ನೋಡಿ ಜನ ಯಾವ ಕಡೆ ಅಗೀತಾರೆ ಅಂತ ಹೇಳ್ತೀನಿ ನಾನು. ಹಾಗೇ ಇದೂನು."

ವಾಚಣ್ಣ ಸನ್ನೆಕೋಲನ್ನು ಎತ್ತಿಕೊಂಡ. ಮೂರು ತೂತುಗಳೂ ಒಂದೇ ಸಮ ಗುಂಡಗಿದ್ದವು. ಅವುಗಳನ್ನು ಗುಂಡಗೆ ಮಾಡಿದ್ದು ಅವನೇ.

ಮೇಷ್ಟ್ರಿಗೂ ಹೊಳೆಯಿತು. ಕೊಳವೆಯ ಯಾವ ಬಾಯಲ್ಲಿ ಸುಣ್ಣದ ಚಕ್ಕೆ ಇತ್ತು, ಯಾವ ಬಾಯಲ್ಲಿ ಮಸಿ ಇತ್ತು ಎಂದು ಅವರು ಕೇಳಿದರು. ಸುಣ್ಣ ಇದ್ದ ಕಡೆ ನೀರು, ಮಸಿ ಇದ್ದ ಕಡೆ ಬೆಂಕಿ, ಅಷ್ಟು ಗೊತ್ತಾದರೆ ಅರ್ಧ ಬಿಡಿಸಿದ ಹಾಗೆ ಎಂದರು. ಬಿಲ್ಲೆಯಲ್ಲಿ ಏನೋ ನಾರು ಇತ್ತಲ್ಲ, ಅದು ಹತ್ತಿಯೋ, ಸೆಣಬೋ, ಬಟ್ಟೆಯ ಜುಂಗೋ ಎಂದರು. ಒಂದೊಂದು ಪ್ರಶ್ನೆಗೂ ವಾಚಣ್ಣನ ಹತ್ತಿರ ಒಂದೇ ಉತ್ತರವಿತ್ತು. ಇತ್ತು, ನೋಡಿದ್ದೆ, ತೊಳೆದೆ, ಯಾವುದು ಎಲ್ಲಿತ್ತೋ ನೆನಪಿಲ್ಲ. ಯಾರೂ ಅವನನ್ನು ಬೈಯಲಿಲ್ಲ. ನಿಯಮ ಎಲ್ಲರೂ ಸೇರಿ ಮಾಡಿದ್ದೇ ಆಗಿತ್ತು.

ಫೋಟೋ ನೆನಪಾಗಿ ಡಾಕ್ಟರಮ್ಮ ಮೊಬೈಲು ತೆಗೆದರು. ನಾಲ್ಕು ಜನ ಅಗಲವಾಗಿ ನಗುತ್ತಿದ್ದರು. ಡ್ರೈವರಜ್ಜನ ಎರಡು ಮೊಣಕಾಲಿನ ಸಂದಿಯಲ್ಲಿ ಗಾಲಿಯ ಅಂಚು ಕಪ್ಪಗೆ ಮಸುಕಾಗಿ ಕಾಣುತ್ತಿತ್ತು.

ಎಲ್ಲರೂ ಹೋದ ಮೇಲೆ ವಾಚಣ್ಣ ಹಿಂದಿನ ಚರಂಡಿಗೆ ಹೋದ. ಕಡ್ಡಿ ಮುರಿದು, ಕುಕ್ಕರುಗಾಲಲ್ಲಿ ಕೂತು, ತಾನು ಸುರಿದ ಜಾಗವನ್ನು ಕೆದಕಿದ. ಮರಳು, ಎಲೆ, ಪ್ಲಾಸ್ಟಿಕ್ ಚೂರು. ಸೀಮೆಎಣ್ಣೆಯ ವಾಸನೆಯೂ ಉಳಿದಿರಲಿಲ್ಲ. ಒಂದು ಬೂದು ಎಳೆ ಸಿಕ್ಕಿತೆಂದು ಬೆರಳ ತುದಿಯಲ್ಲಿ ಹಿಡಿದು ಬೆಳಕಿಗೆ ತಂದ. ಹುಲ್ಲಿನ ಬೇರು. ಕಾವಲುಗಾರ ಬಂದು ಏನಾದ್ರೂ ಬಿದ್ದೋಯ್ತಾ ಸ್ವಾಮಿ ಎಂದು ಕೇಳಿದ. ಹೂಂ ಎಂದ ವಾಚಣ್ಣ.

ಗುಂಪಿನವರು ಮಾತ್ರ ಬೇಗ ಚೇತರಿಸಿಕೊಂಡರು. ಒಗಟು ಗಟ್ಟಿಯಾದಷ್ಟೂ ಅವರಿಗೆ ಹುರುಪು. ಒಂದು ವಾರ ಮೇಷ್ಟ್ರು ಜೋಡಿಸಿದ ರೀತಿಯಲ್ಲಿ ಅದು ಬಕೆಟ್ಟಿನಿಂದ ನೀರೆತ್ತಿತು. ಇನ್ನೊಂದು ವಾರ ಡ್ರೈವರಜ್ಜ ಜೋಡಿಸಿ ಸಣ್ಣ ಬಾಯ್ಲರಿನ ಉಗಿ ಕೊಟ್ಟಾಗ ಅದು ಬಿಸಿಗಾಳಿ ಊದಿತು. ಡಾಕ್ಟರಮ್ಮ ಕೂಡಿಸಿದ್ದು ಟಕಟಕ ಎಂದು ಬಡಿಯಿತು. ಎಲ್ಲವೂ ಓಡಿದವು. ಒಂದೊಂದು ಸಲವೂ ಗೆದ್ದೆವೆಂದು ಕುಣಿದಾಡಿದರು. ಒಂದೇ ಯಂತ್ರದಲ್ಲಿ ಇಷ್ಟೊಂದು ಯಂತ್ರ ಅಡಗಿಸಿಟ್ಟ ನಿಮ್ಮ ಭಾವ ಮಹಾ ಗಟ್ಟಿಗ ಎಂದು ಡ್ರೈವರಜ್ಜ ಹೊಗಳಿದ. ವಾಚಣ್ಣ ಮೂಲೆಯಲ್ಲಿ ಕೂತು ಕೇಳಿಸಿಕೊಂಡ. ಇವು ಯಾವುದೂ ಭಾವ ಮಾಡಿದ್ದಲ್ಲ, ಭಾವನ ಕಬ್ಬಿಣದಲ್ಲಿ ಇವರು ಮಾಡಿದ್ದು ಎಂಬುದು ಅವನಿಗೆ ಗೊತ್ತಿತ್ತು.

ಆದರೂ ಒಂದು ವಿಷಯ ಅವನಿಗೆ ಖಾತ್ರಿಯಿತ್ತು. ತೂತು ಸವೆಯಬೇಕಾದರೆ ಅದು ಓಡಿರಬೇಕು. ಮಸಿ ಕಟ್ಟಬೇಕಾದರೆ ಬೆಂಕಿ ಉರಿದಿರಬೇಕು, ಸುಣ್ಣ ಕಟ್ಟಬೇಕಾದರೆ ನೀರು ಕುದಿದಿರಬೇಕು. ಅದೇನೇ ಆಗಿರಲಿ, ಭಾವ ಅದನ್ನು ಓಡಿಸಿದ್ದರು, ಮತ್ತೆ ಮತ್ತೆ ಓಡಿಸಿದ್ದರು. ಅಕ್ಕನಿಗೆ ಬೇಕಾಗಿದ್ದ ಉತ್ತರ ಇಷ್ಟೇ. ಅದು ಆ ಯಂತ್ರದ ಹಿತ್ತಾಳೆಯಲ್ಲಾಗಲಿ ಕಬ್ಬಿಣದಲ್ಲಾಗಲಿ ಇರಲಿಲ್ಲ, ಕೊಳೆಯಲ್ಲಿತ್ತು. ಆ ಕೊಳೆಯನ್ನು ಅವನು ಕೈಯಾರೆ, ಅಕ್ಕರೆಯಿಂದ, ಸೂಜಿ ಹಾಕಿ ಕುತ್ತಿ ತೆಗೆದಿದ್ದ.

ಹೋಗಿ ಇಷ್ಟನ್ನೇ ಹೇಳಿದ್ದರೆ ಆಗುತ್ತಿತ್ತೋ ಏನೋ. ಆದರೆ ಹೇಳಬೇಕಾದರೆ ತೊಳೆದೆ ಎಂಬುದನ್ನೂ ಹೇಳಬೇಕು. ತನ್ನ ಜೀವನದಲ್ಲಿ ಒಂದೇ ಒಂದು ಕೆಲಸ ಹೇಳಿದ ಅಕ್ಕನ ಮುಂದೆ ಆ ಕೆಲಸ ಹೀಗೆ ಮಾಡಿದೆ ಎನ್ನಲು ಅವನಿಗೆ ನಾಲಿಗೆ ಹೊರಳುತ್ತಿರಲಿಲ್ಲ. ಇವತ್ತು ನಾಳೆ ಎಂದು ತಳ್ಳಿದ. ಅಕ್ಕ ಫೋನು ಮಾಡಿದರೆ ಇನ್ನೂ ನೋಡ್ತಿದ್ದೀವಿ ಎಂದು ಜಾರಿಕೊಂಡ. ಕಡೆಗೆ ಮೇಷ್ಟ್ರ ಹತ್ತಿರ ತೋಡಿಕೊಂಡಾಗ ಅವರು ಒಳ್ಳೆಯ ಮನಸ್ಸಿನಿಂದಲೇ ಒಂದು ದಾರಿ ಹೇಳಿಕೊಟ್ಟರು. ನಿಮ್ಮಕ್ಕ ಅಕ್ಕಪಕ್ಕದವರ ಬಟ್ಟೆ ಇಸ್ತ್ರಿ ಮಾಡಿಕೊಡುತ್ತಾರಲ್ಲ, ಆ ಶ್ರಮ ತಪ್ಪಿಸಲು ಭಾವ ಉಗಿಯ ಇಸ್ತ್ರಿ ಯಂತ್ರ ಮಾಡುತ್ತಿದ್ದರು ಎಂದು ಹೇಳಿಬಿಡಿ. ಲಾಂಡ್ರಿಯವರಿಗೆ ಬೇರೆ ಏನು ಹೊಳೆದೀತು? ನಿಜವೇ ಇದ್ದರೂ ಇರಬಹುದು. ಆಕೆಯ ಮನಸ್ಸು ತಂಪಾಗುತ್ತದೆ.

ವಾಚಣ್ಣನಿಗೆ ಅದು ಹಿಡಿಸಿತು. ಮೇಷ್ಟ್ರೇ ಇಸ್ತ್ರಿ ಯಂತ್ರದಂತೆ ಕಾಣುವ ಹಾಗೆ ಜೋಡಿಸಿಕೊಟ್ಟರು. ಮತ್ತೆ ಟೆಂಪೋ ಕರೆಸಿ ಅದನ್ನು ಅಕ್ಕನ ಮನೆಗೆ ಸಾಗಿಸಿದ.

ಅಕ್ಕ ಅಡುಗೆಮನೆಯಿಂದ ಬಂದು ಯಂತ್ರದ ಮುಂದೆ ನಿಂತಳು. ಮೊದಲು ಅವಳಿಗೆ ಅದರ ಗುರುತೇ ಹತ್ತಲಿಲ್ಲ. ಇದೇನಾ ಅದು ಎಂದು ಕೇಳಿದಳು. ವಾಚಣ್ಣ ಕಲಿತು ಬಂದದ್ದನ್ನು ಒಪ್ಪಿಸಿದ. ನಿನಗೋಸ್ಕರ ಮಾಡ್ತಿದ್ರು ಅಕ್ಕ, ಕಾಲರು ಕಫ್ಫು ಇಸ್ತ್ರಿ ಮಾಡೋಕೆ, ಉಗಿಯಲ್ಲಿ, ನಿನ್ನ ಕೈ ನೋವು ತಪ್ಪಲಿ ಅಂತ. ಅಕ್ಕನ ಮುಖದಲ್ಲಿ ಏನೋ ಒಂದು ಬೆಳಕು ಏಳುತ್ತಿತ್ತು. ಅದನ್ನು ನೋಡಿ ವಾಚಣ್ಣ ಬದುಕಿದೆ ಅಂದುಕೊಂಡ. ಆದರೆ ಇಸ್ತ್ರಿಯ ಜೊತೆಯಲ್ಲೇ ಬಾಳಿದ ಹೆಂಗಸು ಅವಳು. ಬಗ್ಗಿ ನೋಡಿದಳು.

"ಬಟ್ಟೆ ಎಲ್ಲಿಡ್ಬೇಕು?"

ವಾಚಣ್ಣ ಜರಡಿ ಬಿಲ್ಲೆಯನ್ನು ತೋರಿಸಿದ. ಅಕ್ಕ ಅದರ ಮೇಲೆ ಅಂಗೈ ಇಟ್ಟಳು. ಬಿಲ್ಲೆ ಅಂಗೈಯಡಿ ಪೂರ್ತಿ ಮುಚ್ಚಿಹೋಯಿತು.

"ಇದರಲ್ಲಿ ಒಂದು ಕರ್ಚೀಫೂ ಹಿಡಿಯಲ್ಲ. ಒತ್ತೋದು ಯಾವುದು? ಕಾಲರಿಗೆ ಭಾರ ಬೀಳಬೇಕಲ್ಲ."

"ಅದು... ಆ ಸನ್ನೆಕೋಲು ಒತ್ತುತ್ತೆ."

"ಅದು ಆ ಕಡೆ ಇದೆ."

ವಾಚಣ್ಣ ಸನ್ನೆಕೋಲನ್ನು ನೋಡಿದ. ಅದು ಆ ಕಡೆಯೇ ಇತ್ತು. ಇನ್ನೂ ಪೂರ್ತಿ ಆಗಿರಲಿಲ್ಲ, ಅದಕ್ಕೇ ಹಾಗೆ ಎಂದು ಏನೇನೋ ಹೇಳಿದ. ಅಕ್ಕನಿಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು. ಚಿಕ್ಕಂದಿನಲ್ಲಿ ಅವನು ಬಿದ್ದು ಮಂಡಿ ತರಚಿಕೊಂಡು ಬಂದಾಗ ನೋಡುತ್ತಿದ್ದಳಲ್ಲ, ಹಾಗೆ ನೋಡಿದಳು. ಪಕ್ಕದ ಕುರ್ಚಿ ತೋರಿಸಿ ಕೂತ್ಕೋ ಎಂದಳು.

ಅವನು ಕೂತು ನಿಜ ಹೇಳಿದ. ಒಂದನ್ನೂ ಬಿಡದೆ ಹೇಳಿದ. ಸ್ನಾನದ ನಿಯಮ, ಸವೆದ ತೂತು, ಮಸಿ, ಸುಣ್ಣ, ನಾರು, ಚರಂಡಿ. ಅದು ಏನೆಂದು ಇನ್ನು ಯಾರಿಗೂ ಗೊತ್ತಾಗುವುದಿಲ್ಲ, ಆದರೆ ಅದು ಓಡುತ್ತಿತ್ತು, ಭಾವ ಸುಮ್ಮನೆ ಕೂತಿರಲಿಲ್ಲ, ಅದಂತೂ ಸತ್ಯ ಎಂದ. ನನ್ನ ಕಣ್ಣಾರೆ ನೋಡಿದ್ದೀನಿ ಅಕ್ಕ ಎಂದ.

ಅಕ್ಕ ಪೂರ್ತಿ ಕೇಳಿಸಿಕೊಂಡಳು.

"ಇದು ಗೊತ್ತಿದ್ರೆ ಬಂದ ಕೂಡ್ಲೇ ಯಾಕೆ ಹೇಳ್ಲಿಲ್ಲ?"

"ನಾಚಿಕೆ ಆಯ್ತಕ್ಕ. ನಾನೇ ತೊಳೆದೆನಲ್ಲ."

"ನೀನು ಚಿಕ್ಕೋನಿದ್ದಾಗಿಂದ ಹೀಗೇ ಕಣೋ. ನಾನು ಅಳ್ತೀನಿ ಅಂದ್ರೆ ಸಾಕು, ಒಂದಾದ್ಮೇಲೆ ಒಂದು ಕಥೆ ಕಟ್ತೀಯ. ಅಮ್ಮ ಹೋದಾಗಲೂ ಹೀಗೇ ಕಟ್ಟಿದ್ದೆ. ಒಂದು ಕಥೆ ನಂಬಲಿಲ್ಲ ಅಂದ್ರೆ ಇನ್ನೊಂದು."

"ಇದು ಕಥೆ ಅಲ್ಲ ಅಕ್ಕ."

"ಇಸ್ತ್ರಿ ಯಂತ್ರ ಅನ್ನೋವಾಗಲೂ ನೀನು ನನ್ನ ಮುಖ ನೋಡ್ಕೊಂಡೇ ಹೇಳ್ದೆ."

ವಾಚಣ್ಣ ದಡಕ್ಕನೆ ಎದ್ದ. ಶೆಡ್ಡು ನೆನಪಾಗಿತ್ತು. ಬೆಂಕಿ ಉರಿದಿದ್ದರೆ ಗೋಡೆಗೆ ಮಸಿ ಹಿಡಿದಿರಬೇಕು, ನೆಲ ಎಣ್ಣೆ ಕುಡಿದಿರಬೇಕು, ಯಂತ್ರ ಅದುರಿದ ಕಡೆ ನೆಲ ತಗ್ಗು ಬಿದ್ದಿರಬೇಕು. ಬಾ ತೋರಿಸ್ತೀನಿ ಎಂದು ಅಕ್ಕನ ಕೈ ಹಿಡಿದು ಹೆಚ್ಚುಕಡಿಮೆ ಎಳೆದುಕೊಂಡೇ ಹಿತ್ತಲಿಗೆ ಹೋದ. ಬಾಗಿಲು ತಳ್ಳಿದ. ಹೊಸ ಸುಣ್ಣದ ವಾಸನೆ ಮುಖಕ್ಕೆ ಬಡಿಯಿತು. ಗೋಡೆಗಳು ಹಾಲಿನಂತೆ ಬೆಳ್ಳಗಿದ್ದವು. ನೆಲಕ್ಕೆ ಸಿಮೆಂಟು ಬಳಿದು, ಮೇಲೆ ಹೂವಿನ ಚಿತ್ರದ ಹಾಸು ಹಾಸಿದ್ದರು. ಮೂಲೆಯಲ್ಲಿ ಮಕ್ಕಳ ಎರಡು ಮಂಚ, ಕಿಟಕಿಗೆ ಹಳದಿ ಪರದೆ. ವಾಚಣ್ಣ ಮೊಣಕಾಲೂರಿ ಹಾಸಿನ ಅಂಚನ್ನು ಎತ್ತಿ ನೋಡಿದ. ಬೂದು ಸಿಮೆಂಟು ನುಣ್ಣಗೆ, ಒಂದು ಕಲೆಯೂ ಇಲ್ಲದೆ, ಗೋಡೆಯವರೆಗೂ ಚಾಚಿತ್ತು.

ಅವನ ಮಾತಿಗೆ ಸಾಕ್ಷಿ ಹೇಳಬಲ್ಲ ವಸ್ತು ಈ ಲೋಕದಲ್ಲಿ ಇನ್ನೊಂದು ಉಳಿದಿರಲಿಲ್ಲ.

ಅಷ್ಟರಲ್ಲಿ ಅಕ್ಕನ ಮಗಳು ಅಳತೆಯ ಟೇಪು ಕುತ್ತಿಗೆಗೆ ಹಾಕಿಕೊಂಡು ಒಳಗೆ ಬಂದಳು. ಮಾವ ಯಾವಾಗ ಬಂದ್ರಿ ಎಂದು ವಿಚಾರಿಸಿದಳು. ನೆಲದ ಮೇಲೆ ಕೂತ ಅವನನ್ನು ನೋಡಿ ಏನು ಬಿತ್ತು ಎಂದಳು. ಆಮೇಲೆ ನೆನಪಾಗಿ ಕೇಳಿದಳು.

"ಅಪ್ಪನ ಯಂತ್ರ ಏನಂತೆ ಮಾವ? ಗೊತ್ತಾಯ್ತಾ?"

ವಾಚಣ್ಣ ತಲೆಯೆತ್ತಿ ಅಕ್ಕನನ್ನು ನೋಡಿದ. ಇನ್ನೊಂದು ಸಲ ಬಾಯಿ ತೆಗೆದರೆ ಅದು ಮೂರನೆಯ ಕಥೆಯಾಗುತ್ತದೆ ಎಂದು ಅವನಿಗೆ ಗೊತ್ತಿತ್ತು. ಅಕ್ಕ ಅವನಿಗೆ ಆ ಕಷ್ಟ ಕೊಡಲಿಲ್ಲ. ತಾನೇ ಉತ್ತರ ಹೇಳಿದಳು.

"ಏನೂ ಅಲ್ವಂತೆ ಕಣೆ. ತಿಳಿದೋರೇ ಕೂತು ಎಷ್ಟೋ ವಾರ ನೋಡಿದ್ದಾರೆ. ನಿಮ್ಮಪ್ಪ ಸುಮ್ನೆ ಇಲ್ಲಿ ಬಂದು ಕೂತಿರ್ತಿದ್ರು, ಅಷ್ಟೇ."

ಮಗಳು ಓ ಎಂದಳು. ನನಗೆ ಮೊದಲೇ ಅನ್ನಿಸಿತ್ತು ಎಂದು ಮೆಲ್ಲಗೆ ಹೇಳಿ, ಕಿಟಕಿಯ ಅಳತೆ ತೆಗೆದುಕೊಳ್ಳಲು ಆ ಕಡೆ ತಿರುಗಿದಳು. ಅಕ್ಕ ಬಗ್ಗಿ, ವಾಚಣ್ಣ ಮಡಚಿದ್ದ ಹಾಸಿನ ಅಂಚನ್ನು ಮತ್ತೆ ಸರಿಯಾಗಿ ಹರವಿ, ಅಂಗೈಯಿಂದ ಒತ್ತಿ ಸಮ ಮಾಡಿದಳು. ಆಮೇಲೆ ತಮ್ಮನ ಬೆನ್ನ ಮೇಲೆ ಕೈಯಿಟ್ಟಳು.

"ಅದನ್ನ ನೀನೇ ತಗೊಂಡೋಗು. ಚೆನ್ನಾಗಿ ತೊಳೆದಿದ್ದೀಯ. ಹೊಳೀತಾ ಇದೆ."